ಕಂಬದ ಮೇಲಿನ ಎಣ್ಣೆ ಕಲೆ

ನಮ್ಮ ಹಾಲ್‌ನ ನಟ್ಟನಡುವೆ ಒಂದು ಹಲಸಿನ ಕಂಬ ಇದೆ. ಅದು ಏನನ್ನೂ ಹೊತ್ತಿಲ್ಲ. ಮನೆಗೆ ಬಂದವರು "ಡಿಸೈನಾ ಸಾರ್?" ಎಂದು ಕೇಳುತ್ತಾರೆ. ಹೌದು ಎಂದು ತಲೆಯಾಡಿಸುತ್ತೇನೆ. ನಿಜ ಹೇಳಲು ಹೋದರೆ ನನ್ನ ಪೆದ್ದುತನವನ್ನೂ ಹೇಳಬೇಕಾಗುತ್ತದೆ.

ಈ ಕಂಬ ಮೊದಲು ಮಾದಿಹಳ್ಳಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿತ್ತು. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಅವ್ವ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಇದಕ್ಕೇ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಏಳುವಾಗಲೂ ಇದನ್ನೇ ತಬ್ಬಿ ಏಳುತ್ತಿದ್ದಳು. ಅವಳ ತಲೆ ತಾಕುವ ಕಡೆ ಅಂಗೈಯಗಲ ಕಪ್ಪಗೆ ಮಿರುಗುತ್ತಿತ್ತು. ಶಾಲೆಯಿಂದ ಬಂದವನೇ ಆ ಕಲೆಗೆ ಮೂಗಿಟ್ಟು ಮೂಸುತ್ತಿದ್ದೆ. ಎಷ್ಟು ಹಿತವಾಗಿತ್ತು ಆ ವಾಸನೆ!

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಹಳೇಬೀಡಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದೆ. ಗ್ರಾನೈಟ್ ನೆಲ, ಅಲ್ಯೂಮಿನಿಯಂ ಕಿಟಕಿ. ಗೆದ್ದಲಿಗೆ ಒಂದು ತುತ್ತೂ ಸಿಗಬಾರದು, ಹಾಗೆ. ಹಳೇ ಮನೆಯ ಮರ ಹೊಸ ಮನೆಗೆ ಆಗಿಬರುವುದಿಲ್ಲ ಎಂದು ನೆಂಟರು ಹೇಳಿದರು. ನನಗೂ ಅದೇ ಬೇಕಿತ್ತು. ತೊಲೆ, ಕಂಬ ಎಲ್ಲವನ್ನೂ ಅರಸೀಕೆರೆಯ ಹಳೇ ಮರದ ಅಂಗಡಿಗೆ ಸಾಗಿಸಿಬಿಟ್ಟೆ. ಅವ್ವನನ್ನು ಒಂದು ಮಾತು ಕೇಳಲಿಲ್ಲ.

ಹೊಸ ಮನೆಯ ನುಣುಪು ನೆಲದ ಮೇಲೆ ಅವ್ವ ಜಾರಿ ಬಿದ್ದಳು. ಸೊಂಟದ ಮೂಳೆ ಕೂಡಿಕೊಂಡರೂ ಧೈರ್ಯ ಕೂಡಲಿಲ್ಲ. ಈಗ ಎದ್ದು ಓಡಾಡದಿದ್ದರೆ ಇನ್ನು ಹಾಸಿಗೆಯೇ ಗತಿ ಎಂದರು ಡಾಕ್ಟರು. ಗೋಡೆಗೆ ಸ್ಟೀಲ್ ಕಂಬಿ ಹಾಕಿಸಿದೆ. ಮುಟ್ಟಿದವಳೇ ಕೈ ಎಳೆದುಕೊಂಡಳು.

"ಹೆಣದ ಕೈ ಇದ್ದಂಗೆ ತಣ್ಣಗೈತೆ ಕಣ್ಲಾ. ಇದನ್ನ ನಂಬ್ಕಂಡು ಹೆಂಗೆ ಏಳ್ಲಿ?"

"ಕಂಬಿಗೆ ಸ್ವೆಟರ್ ಹಾಕ್ಸ್ಲಾ?" ಎಂದು ರೇಗಿದೆ. ಅವ್ವ ಗೋಡೆ ಕಡೆ ತಿರುಗಿಕೊಂಡಳು. ಆಡಿದ ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಅರಸೀಕೆರೆ ಬಸ್ ಹತ್ತಿದೆ. ಅಂಗಡಿಯ ಹಿಂದೆ ಒಂದೇ ಥರದ ಕಂಬಗಳ ರಾಶಿ. ಒಂದೊಂದಕ್ಕೂ ಮೂಗಿಟ್ಟು ಮೂಸಿದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಅಂಗಡಿಯವನು. ಕೊನೆಗೂ ನಮ್ಮದು ಸಿಕ್ಕಿತು. ಲಗೇಜ್ ಆಟೋದಲ್ಲಿ ತಂದು ಹಳೇಬೀಡಿನ ಬಡಗಿ ಆಚಾರ್ರ ಮನೆ ಮುಂದೆ ಇಳಿಸಿ, "ನೀಟಾಗಿ ರೆಡಿ ಮಾಡ್ಕೊಡಿ" ಎಂದು ಬಂದೆ.

ನೀಟಾಗಿಯೇ ಮಾಡಿದ್ದರು. ಮೇಲಿಂದ ಕೆಳಗಿನ ತನಕ ಉಜ್ಜುಗೊರಡು ಹೊಡೆದು ಹೊಸ ಹಲಸಿನ ಹಳದಿ ಬರಿಸಿದ್ದರು. "ಒಂದ್ಕಡೆ ಎಣ್ಣೆ ಜಿಡ್ಡು ಹಿಡ್ಕಂಡಿತ್ತು ಮೇಷ್ಟ್ರೆ, ಎರಡು ಸಲ ಹೊಡೆದು ತೆಗ್ದೆ" ಎಂದರು ಹೆಮ್ಮೆಯಿಂದ. ನನಗೆ ಅಳು ಬಂತು. ಹೇಳದೆ ಬಂದವನು ನಾನು, ಅವರನ್ನೇನು ಬೈಯಲಿ?

ಹಾಲ್‌ನಲ್ಲಿ ಕಂಬ ನಿಲ್ಲಿಸಿ, ಪಕ್ಕದಲ್ಲಿ ಕುಳ್ಳ ಸ್ಟೂಲ್ ಹಾಕಿ ಅವ್ವನನ್ನು ಕೂರಿಸಿದೆವು. ಅವಳು ಬೆರಳಿನಿಂದ ತಡವಿ ತಡವಿ ಹುಡುಕಿದಳು.

"ನಂದು ಹೋಗೈತಲ್ಲೋ."

"ತಪ್ಪಾಯ್ತು ಕಣವ್ವ."

"ಎಣ್ಣೆ ಶೀಷೆ ತಗಂಬಾ" ಎಂದಳು. ತಲೆಗೆ ಹಚ್ಚಿಕೊಂಡು ಒರಗಿ ಕಣ್ಣು ಮುಚ್ಚಿದಳು. ಹೊತ್ತು ಮುಳುಗುವ ಮುಂಚೆ ಕಂಬ ತಬ್ಬಿ ತಾನೇ ಎದ್ದು ನಿಂತಳು.

ಆಮೇಲೆ ಆರು ವರ್ಷ ಮನೆ ತುಂಬ ಓಡಾಡಿದಳು. ಈಗ ಅವ್ವ ಇಲ್ಲ. ಕಂಬದ ಮೇಲೆ ಮತ್ತೆ ಅಂಗೈಯಗಲದ ಕಪ್ಪು ಕಲೆ ಇದೆ. ಅದಕ್ಕಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಈಗೀಗ ಮೂಡುತ್ತಿದೆ, ಅದು ನನ್ನದು.