ಕಾದ ಉಪ್ಪಿಗೆ ಪೂಜೆ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ. ಪಾಟಿಚೀಲ ಹೊತ್ತು ಸಾಲಿಗೆ ಅಂತ ಹೊರಟವನು ಲಾರಿ ಹತ್ತಿಬಿಟ್ಟೆ. ಹಿಂಗೇ ವರ್ಷಗಟ್ಟಲೆ ಊರೂರು ತಿರುಗುತ್ತ ಗಂಗಾವತಿ ಹೊರಗಿನ ಒಂದು ಶೆಡ್ಡಿಗೆ ಕೆಲಸಕ್ಕೆ ಬಂದಿದ್ದೆ. ಆಸಿಡ್ಡಿಗೂ ಜಗ್ಗದ ಟ್ಯಾಂಟಲಮ್ ಎಂಬ ಲೋಹವನ್ನು ಉಕ್ಕಿನ ವಾಲ್ವುಗಳ ಮೇಲೆ ಕೂರಿಸುವುದು ಅಲ್ಲಿನ ಕೆಲಸ. ನೀರಿನಲ್ಲಿ ಅದು ಕೂರುವುದಿಲ್ಲ. ಉಪ್ಪನ್ನೇ ಕೆಂಪಗೆ ಕಾಯಿಸಿ ಕರಗಿಸಿ, ವಾಲ್ವು ಮುಳುಗಿಸಿ, ಕರೆಂಟ್ ಹರಿಸಬೇಕು.

ಮೊದಲ ವಾಲ್ವು ಇಳಿಸಲು ಉಪ್ಪಿನ ಕುಲುಮೆಯ ಮುಚ್ಚಳ ಸರಿಸಿದ್ದೆ. ಮಾಲೀಕರ ತಾಯಿ ತೆಂಗಿನಕಾಯಿ, ತುಂಬಿದ ತಂಬಿಗೆ ಹಿಡಿದು ಬಂದೇಬಿಟ್ಟರು. ತಮ್ಮ ಅಕ್ಕಿ ಗಿರಣಿಗೆ ಮಾಡಿದಂತೆ ಇದಕ್ಕೂ ನೀರು ಚಿಮುಕಿಸುವವರು! ಒಂದು ಹನಿ ಬಿದ್ದರೂ ಉಪ್ಪು ಸಿಡಿದು ಅವರ ಮುಖ ಸುಟ್ಟೀತು. ಅಡ್ಡ ನಿಂತೆ.

"ಅವ್ವಾರ, ಇಲ್ಲಿ ನೀರು ಬ್ಯಾಡ್ರಿ."

"ನಿನ್ನೆ ಬಂದಾಂವ ನನಗ ಪೂಜಿ ಕಲಿಸ್ತೀಯೇನ? ಒಳಗ ನೀರ ಐತಲ್ಲೋ!"

"ಅದು ಕರಗಿದ ಉಪ್ಪು ರೀ. ಕಾದ ಎಣ್ಣ್ಯಾಗ ನೀರು ಬಿದ್ರ ಏನಾಕ್ಕೈತ್ರಿ?"

"ಸಿಡೀತೈತಿ."

"ಇದು ಅದರಪ್ಪ ಐತ್ರಿ."

ಅಲ್ಲೇ ಇದ್ದ ಮಾಲೀಕರು ತಗಡಿನ ಮಾಡು ನೋಡುತ್ತ ನಿಂತರು. ಅವ್ವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದರು. ಹೊಸ್ತಿಲಾಚೆ ಕಾಯಿ ಒಡೆದು, ನನ್ನ ಹಣೆಗೆ ಕುಂಕುಮ ಹಚ್ಚಿ, ಇಡೀ ತಂಬಿಗೆಯನ್ನು ನನ್ನ ತಲೆ ಮೇಲೆ ಸುರಿದರು.

"ನೀನರ ಸಿಡಿಯಂಗಿಲ್ಲಲಾ?"

ಸಿಡಿಯಲಿಲ್ಲ, ಆದರೆ ಒದ್ದೆ ಬಟ್ಟೆಯಲ್ಲಿ ನಾನೂ ಕುಲುಮೆ ಹತ್ತಿರ ಹೋಗುವಂತಿರಲಿಲ್ಲ. ಬಿಸಿಲಿಗೆ ಮೈಯೊಡ್ಡಿ ಕೂತೆ. ಅವ್ವ ಸೆರಗಿನಿಂದ ಗಾಳಿ ಬೀಸುತ್ತ, "ಮುಹೂರ್ತ ಮೀರತೈತಿ, ಲಗೂ ಒಣಗೋ!" ಎಂದು ಗದರುತ್ತಿದ್ದರು.

ವಾಲ್ವೇನೋ ಛಲೋ ಬಂತು. ಒಂದೇ ಕಡೆ ಕಾಲು ನಿಲ್ಲದೆ ಈಗ ಮತ್ತೆ ಚೀಲ ಕಟ್ಟುತ್ತಿದ್ದೇನೆ. ಕುಷ್ಟಗಿ ಕಡೆ ಬೋರ್‌ವೆಲ್ ಗಾಡಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ನೀರು ಚಿಮ್ಮದಿದ್ದರೆ ಬೈಗುಳವಂತೆ.