ಬಂಡೆಗೆ ಕುಡಿಸಿದ ನೀರು

ಆ ಅಳಿಯನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನು ನಮ್ಮ ಪಕ್ಕದ ದೊಡ್ಡ ಎಸ್ಟೇಟಿನ ಸಾಹುಕಾರರ ಅಳಿಯ. ಹೊರದೇಶದ ಯಾವುದೋ ಒಣ ಸೀಮೆಯಲ್ಲಿ ಶೇಲ್ ಗ್ಯಾಸ್ ತೆಗೆಯುವ ಕೆಲಸದಲ್ಲಿದ್ದನಂತೆ. ನೆಲದಾಳದ ಪದರುಗಲ್ಲಿಗೆ ಮರಳು, ಔಷಧಿ ಬೆರೆಸಿದ ನೀರನ್ನು ಒತ್ತಡದಲ್ಲಿ ನುಗ್ಗಿಸಿದರೆ ಕಲ್ಲು ಬಿರಿದು ಗ್ಯಾಸ್ ಮೇಲೆ ಬರುತ್ತದಂತೆ. ಅಂಥ ಒಂದು ಗ್ಯಾಸ್ ಬಾವಿಗೆ ಎಷ್ಟು ನೀರು ಬೇಕು ಎಂದು ಕೇಳಿದ್ದಕ್ಕೆ ನಮ್ಮ ಕೆರೆಯತ್ತ ಕೈ ತೋರಿಸಿ, "ಇದೆಲ್ಲಾ ನಮಗೆ ಯಾವ ಮೂಲೆಗೂ ಸಾಕಾಗಲ್ಲ," ಎಂದು ನಕ್ಕ. ಅಲ್ಲಿನ ರೈತರ ಬಾವಿಗಳು ಬತ್ತಿಹೋದದ್ದನ್ನೂ ಅದೇ ನಗುವಿನಲ್ಲೇ ಹೇಳಿದ. ಅಂಥ ಕೆಲಸ ಮಾಡಿ ಬಂದವನಿಗೆ ಸ್ವಲ್ಪವಾದರೂ ನಾಚಿಕೆ ಇರಬೇಕಿತ್ತು.

ಆಲೂರು ಕಡೆಯ ಗುಡ್ಡದಲ್ಲಿ ನನ್ನದು ಮೂರೆಕರೆ ರೋಬಸ್ಟಾ ಕಾಫಿ ತೋಟ. ಕೆರೆ ಮಾತ್ರ ಎಸ್ಟೇಟಿಗೂ ನಮ್ಮಂಥ ನಾಲ್ಕು ಸಣ್ಣ ಮನೆಗಳಿಗೂ ಸೇರಿದ್ದು. ಬೇಸಿಗೆಯಲ್ಲಿ ಕಾಫಿಗೆ ಎರಡು ಸಲ ಸ್ಪ್ರಿಂಕ್ಲರ್ ಹಾಕಬೇಕು. ಮೊದಲನೆಯದು ಮೊಗ್ಗು ಅರಳಿಸಲು. ಹೂ ಅರಳಿ ಎರಡು ಮೂರು ವಾರಕ್ಕೆ ಇನ್ನೊಂದು. ಅದನ್ನು ಬ್ಯಾಕಿಂಗ್ ಎನ್ನುತ್ತೇವೆ. ಅದು ತಪ್ಪಿದರೆ ತೋಟ ಎಷ್ಟೇ ಬೆಳ್ಳಗೆ ಹೂ ಬಿಟ್ಟಿದ್ದರೂ ಕಾಯಿ ನಿಲ್ಲುವುದಿಲ್ಲ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಮೊದಲ ನೀರಿಗೆ ಎಸ್ಟೇಟ್ ಮುಂದೆ, ಬ್ಯಾಕಿಂಗಿಗೆ ಸಣ್ಣವರು ಮುಂದೆ. ಎಲ್ಲೂ ಬರೆದಿಡದ ಈ ಸರದಿಯನ್ನು ನಮ್ಮಪ್ಪನ ಕಾಲದಿಂದ ಯಾವ ಸಾಹುಕಾರನೂ ಮುರಿದಿರಲಿಲ್ಲ. ಮುರಿಯಲು ನಾನೇ ಬೇಕಾಯಿತು.

ಆ ವರ್ಷ ಮೊದಲ ನೀರು ಕೊಟ್ಟು ಹೂವೇನೋ ಸೊಗಸಾಗಿ ಬಂತು. ಆದರೆ ಕೆರೆ ತಳ ಹಿಡಿಯುತ್ತಿತ್ತು. ಉಳಿದ ನೀರು ಸಣ್ಣವರ ಬ್ಯಾಕಿಂಗಿಗೆ ಸಾಕು, ಎಸ್ಟೇಟಿಗೆ ಸಾಲದು. ಆಗಲೇ ನೋಡಿ, ಅಳಿಯನಿಗೆ ಜ್ಞಾನೋದಯವಾದದ್ದು. ಎಸ್ಟೇಟಿನಲ್ಲಿ ನೀರು ಸಿಗದೆ ಬಿಟ್ಟಿದ್ದ ಮೂರು ಬೋರ್‌ವೆಲ್‌ಗಳಿದ್ದವು. ಕೆರೆಯ ನೀರನ್ನು ಮೆಷಿನ್‌ನಿಂದ ಅವುಗಳೊಳಗೆ ನುಗ್ಗಿಸಿ ಬಂಡೆ ಸೀಳಿಸಿದರೆ ಒಳಗೆ ಸಿಕ್ಕಿಕೊಂಡ ನೀರೆಲ್ಲ ಮೇಲೆ ಬರುತ್ತದೆ, ಎಲ್ಲರಿಗೂ ಹಂಚೋಣ ಎಂದ.

ನನ್ನನ್ನು ಬಂಗಲೆಗೆ ಕರೆಸಿದರು. ಅಷ್ಟು ವರ್ಷ ಮೆಟ್ಟಿಲ ಕೆಳಗೆ ನಿಂತೇ ಮಾತಾಡಿ ಬಂದವನು ನಾನು. ಅವತ್ತು ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟರು.

"ನೀವೊಬ್ರು ಒಪ್ಪಿದ್ರೆ ಮಿಕ್ಕೋರು ಒಪ್ತಾರೆ ಕಣ್ರೀ," ಎಂದರು ಸಾಹುಕಾರರು.

ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನನ್ನ ಬುದ್ಧಿ ಮೇಯಲು ಹೋಯಿತು. ಅಳಿಯ ಫೋನಿನಲ್ಲಿ ಬಣ್ಣಬಣ್ಣದ ನಕ್ಷೆ ತೋರಿಸಿದ. ಒಂದಕ್ಷರ ಅರ್ಥವಾಗದಿದ್ದರೂ ಎಲ್ಲ ತಿಳಿದವನಂತೆ ಗಡ್ಡ ನೀವಿಕೊಂಡೆ. ನಮ್ಮ ಸರದಿ ಬಿಟ್ಟುಕೊಡುತ್ತೇವೆ ಎಂದು ನಾಲ್ಕೂ ಮನೆಯ ಪರವಾಗಿ ನಾನೇ ಮಾತು ಕೊಟ್ಟು ಬಂದೆ. ಉಳಿದ ಮೂರು ಮನೆಯವರು ನನ್ನ ಮುಖ ನೋಡಿ ಒಪ್ಪಿದರು.

ಒಪ್ಪದವಳು ನನ್ನ ಹೆಂಡತಿ ಒಬ್ಬಳೇ. "ಅಷ್ಟೊಂದ್ ನಂಬ್ಕೆ ಇದ್ರೆ ಮೊದ್ಲು ನಮ್ ಗಿಡಕ್ಕೆ ನೀರ್ ಬುಟ್ಟು, ಮಿಕ್ಕಿದ್ರಲ್ಲಿ ಅವ್ನು ಬಂಡೆ ಒಡ್ಕೊಳ್ಳಿ. ಕಲ್ಲಿಗ್ಯಾಕೆ ಮೊದ್ಲು ಕುಡ್ಸೋದು?" ಎಂದಳು.

"ನಿಂಗೆ ಟೆಕ್ನಾಲಜಿ ಅರ್ಥ ಆಗಲ್ಲ, ಸುಮ್ಕಿರು," ಎಂದೆ. ಆ ಪದವನ್ನು ನಾನು ಕಲಿತದ್ದು ಅವತ್ತು ಬೆಳಗ್ಗೆ, ಆ ಕುರ್ಚಿಯಲ್ಲಿ.

ಬಾಡಿಗೆಗೆ ಲಾರಿ ಬಂತು, ಮೆಷಿನ್ ಬಂತು. ಕಾಫಿ ಗಿಡಗಳ ನಡುವೆ ಅಳಿಯ ಹೆಲ್ಮೆಟ್ ಹಾಕಿಕೊಂಡು ಓಡಾಡಿದ. ತಲೆ ಮೇಲೆ ಬೀಳಲು ಅಲ್ಲಿ ಎಲೆ ಬಿಟ್ಟರೆ ಏನೂ ಇರಲಿಲ್ಲ. ಮೊದಲ ಬೋರ್‌ವೆಲ್‌ಗೆ ನೀರು ನುಗ್ಗಿಸಿದಾಗ ಒತ್ತಡದ ಮೀಟರಿನ ಮುಳ್ಳು ಸರ್ರನೆ ಏರಿ ಥಟ್ಟನೆ ಇಳಿಯಿತು. "ಬಂಡೆ ಬಿರೀತು!" ಎಂದು ಅವನು ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ. ಬಿರಿದದ್ದು ನಿಜ. ಹೋದ ನೀರು ಮಾತ್ರ ಎತ್ತ ಹೋಯಿತೋ, ತಿರುಗಿ ಬರಲಿಲ್ಲ. ಇನ್ನಷ್ಟು ಬೇಕು, ಹೊರದೇಶದಲ್ಲೆಲ್ಲ ಹಂತ ಹಂತವಾಗಿಯೇ ಮಾಡುವುದು ಎಂದ. ಮತ್ತೆ ಕೊಟ್ಟೆವು. ಮೂರನೇ ಬೋರ್‌ವೆಲ್ ಮುಗಿಯುವುದರೊಳಗೆ ಕೆರೆಯಲ್ಲಿಟ್ಟ ಪೈಪು ಕೆಸರು ಎಳೆಯತೊಡಗಿತು. ಬೋರ್‌ವೆಲ್‌ಗಳಿಗೆ ಮೋಟಾರು ಇಳಿಸಿ ನೋಡಿದರೆ ಬೂದಿ ಬಣ್ಣದ ನೀರು ಸ್ವಲ್ಪ ಹೊತ್ತು ಬಂದು ಆಮೇಲೆ ಬರೀ ಗಾಳಿ.

"ಪರವಾಗಿಲ್ಲ, ಒಳ್ಳೆ ಡೇಟಾ ಸಿಕ್ತು," ಎಂದ ಆ ಮಹಾನುಭಾವ, ಬಾಟಲಿ ನೀರಿನಲ್ಲಿ ಕೈ ತೊಳೆಯುತ್ತ. ವಾರದೊಳಗೆ ವಿಮಾನ ಹತ್ತಿದ. ಸಾಹುಕಾರರು ಟ್ಯಾಂಕರ್ ತರಿಸಿ ಬಂಗಲೆ ಸುತ್ತಿನ ಗಿಡಗಳನ್ನು ಉಳಿಸಿಕೊಂಡರು. ನಮ್ಮ ನಾಲ್ಕು ಮನೆಯ ತೋಟದಲ್ಲಿ ಹೂವಿನ ಗೊಂಚಲೆಲ್ಲ ಕಂದಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಆ ಮೂರು ಮನೆಯವರು ನನ್ನನ್ನು ಬೈಯಲಿಲ್ಲ, ಮಾತು ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದು ದಿನ ನಾನೂ ಹೆಂಡತಿಯೂ ಕೆ. ಹೊಸಕೋಟೆಯಲ್ಲಿ ಆಲೂರಿನ ಬಸ್ಸು ಹತ್ತಿದೆವು. ಗುಡ್ಡದಾಚೆಯ ಊರಿನವನೊಬ್ಬ, ಮುಖಪರಿಚಯದವನು, ಹಿಂದಿನ ಸೀಟಿನಿಂದ ಬಗ್ಗಿ ಕೇಳಿದ: "ನಿಮ್ಕಡೆ ಬಂಡೆ ಒಡಿಯೋ ಮೆಷಿನ್ ಬಂದಿತ್ತಂತಲ್ಲ ಮಾರಾಯ, ನೀರಾಯ್ತಾ? ನಮ್ದು ಹೂ ಈಗ್ ಬಂದೈತೆ, ಕೆರೇಲಿ ಬ್ಯಾಕಿಂಗಿಗೆ ಆಗೋಷ್ಟ್ ನೀರೈತೆ. ಅದ್ನ ಹಾಕಿ ನಾವೂ ಒಡ್ಸಿಬುಡಾನ ಅಂತಿದೀವಿ."

ಬಸ್ಸಿನಲ್ಲಿ ಹತ್ತಾರು ಜನ ನನ್ನತ್ತ ತಿರುಗಿದ್ದರು. ಅಷ್ಟು ಜನರೆದುರು ಮಂಗನಾದೆ ಎಂದು ಹೇಳಿಕೊಳ್ಳಲು ನನ್ನಿಂದಾಗಲಿಲ್ಲ.

"ಆಯ್ತು, ಚೆನ್ನಾಗೈತೆ," ಎಂದೆ.

"ಸುಳ್ಳು ಕಣಪ್ಪಾ!" ಹೆಂಡತಿ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಕೆರೆನೂ ಹೋಯ್ತು, ಹೂವೂ ಒಣಗೋಯ್ತು. ನಿಮ್ ನೀರ ಕೊಡ್ಬ್ಯಾಡಿ."

ಅವನು ಅವಳನ್ನೊಮ್ಮೆ ನೋಡಿ, ನನ್ನತ್ತ ಕಣ್ಣು ಮಿಟುಕಿಸಿ ಹಲ್ಲು ಕಿರಿದ. "ಹೆಂಗಸ್ರಿಗೆ ಇವೆಲ್ಲ ಎಲ್ಲಿ ತಿಳೀತದೆ, ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ಮುಂದಿನ ವಾರ ಅದೇ ಮೆಷಿನ್ ಹೊತ್ತ ಲಾರಿ ಅವರ ಊರಿಗೆ ಹೋಯಿತು.