ಮೇಲಿನ ಮಡಿಚಿದ ರೊಟ್ಟಿ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಮೂಡಲಗಿಯಲ್ಲಿ ರಾತ್ರಿ ವಸತಿ ಮಾಡಿ, ಬೆಳಿಗ್ಗೆ ಆರಕ್ಕೆ ಹೊರಟು, ಮೇಲವಂಕಿ ಕಡೆಯ ಹಳ್ಳಿಗಳನ್ನು ಸುತ್ತಿ ಗೋಕಾಕಕ್ಕೆ ಬರುವ ಬಸ್ಸು ನಮ್ಮದು. ಜನ ಅದನ್ನು ಬುತ್ತಿ ಬಸ್ಸು ಎನ್ನುತ್ತಿದ್ದರು. ಗೋಕಾಕದಲ್ಲಿ ಬಾಡಿಗೆ ಖೋಲಿ ಹಿಡಿದು ಓದುವ ಮಕ್ಕಳಿಗೆ ಹಳ್ಳಿಯ ತಾಯಂದಿರು ದಿನದ ಊಟವನ್ನು ನಮ್ಮ ಕೈಯಲ್ಲೇ ಕಳಿಸುತ್ತಿದ್ದರು. ಬುತ್ತಿಗೆ ಟಿಕೆಟ್ ಇಲ್ಲ, ಚೀಟಿ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತ ಮಕ್ಕಳು ತಮ್ಮ ತಮ್ಮ ಗಂಟು ಗುರುತಿಸಿ ಒಯ್ಯುತ್ತಿದ್ದರು.

ಈಗ ನಾವು ನಿವೃತ್ತರು ಕೂಡಿದಾಗೆಲ್ಲ ಆ ಬಸ್ಸಿನ ಮಾತು ಬರುತ್ತದೆ. “ಎಂಥಾ ನಂಬಿಗಿ ಇತ್ತರಿ ಆಗ!” ಎಂದು ಯಾರಾದರೂ ಶುರು ಮಾಡುತ್ತಾರೆ. ನಾನು ಇನ್ನೊಂದು ಚಹಾ ಹೇಳುವ ನೆವದಲ್ಲಿ ಎದ್ದು ಹೋಗುತ್ತೇನೆ.

ಆ ದಾರಿಯಲ್ಲೊಂದು ರೂಢಿಯಿತ್ತು. ಉಳ್ಳವರ ಮನೆಯ ಬುತ್ತಿಯಲ್ಲಿ ಎಲ್ಲಕ್ಕೂ ಮೇಲೆ ಒಂದು ರೊಟ್ಟಿಯನ್ನು ಮಡಿಚಿ ಇಟ್ಟಿರುತ್ತಿದ್ದರು, ಒಳಗೆ ಪಲ್ಯವೋ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯೋ. ಅದು ಬಸ್ಸಿನವರ ಪಾಲು. ಬಾಯಿಬಿಟ್ಟು ಹೇಳಿ ಕೊಡುವುದು ಅವರಿಗೆ ನಾಚಿಕೆ, ಕೇಳಿ ತೆಗೆದುಕೊಳ್ಳುವುದು ನಮಗೆ ನಾಚಿಕೆ. ಬೆಳಿಗ್ಗೆ ಆರಕ್ಕೆ ಮೂಡಲಗಿಯಲ್ಲಿ ನಮಗೆ ಚಹಾ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ.

ಒಂದು ಕ್ರಾಸಿನಲ್ಲಿ ನಿಂಗವ್ವ ಎಂಬಾಕೆ ಬುತ್ತಿ ಕೊಡುತ್ತಿದ್ದಳು. ಗಂಡ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಈಕೆ ಕೂಲಿಗೆ ಹೋಗುತ್ತಿದ್ದಳು. ಮಗಳು ಸುವರ್ಣಾ ಪಿಯುಸಿ ಓದುತ್ತಿದ್ದಳು. ಹಳೆ ಸೀರೆಯ ತುಂಡಿನಲ್ಲಿ ಎಣಿಸಿ ನಾಲ್ಕು ರೊಟ್ಟಿ. ಮೊದಲ ದಿನ ಗಂಟು ಸಡಿಲಾಗಿ ಮೇಲಿನ ಮಡಿಚಿದ ರೊಟ್ಟಿ ಕಂಡಿತು. ಬಡವಿಯಾದರೂ ನಮ್ಮನ್ನು ಮರೆತಿಲ್ಲವಲ್ಲ ಎಂದು ಹಿಗ್ಗಿ ತಿಂದೆ. ಒಳಗಿದ್ದ ಬದನೆಕಾಯಿ ಪಲ್ಯ ಭಾರಿ ರುಚಿಯಾಗಿತ್ತು. ಮಳೆಗಾಲದಿಂದ ದೀಪಾವಳಿಯವರೆಗೆ, ವಾರದ ರಜೆ ಬಿಟ್ಟು, ದಿನಾ ತಿಂದೆ.

ಹಬ್ಬ ಮುಗಿದ ಮೇಲೆ ಒಂದು ದಿನ ನಿಂಗವ್ವ ಬಸ್ಸಿನ ಬಾಗಿಲು ಹಿಡಿದು ನಿಂತಳು.

“ಕಂಡಕ್ಟರಣ್ಣಾರ, ಸುವರ್ಣಾ ಹಬ್ಬಕ್ಕ ಬಂದಾಗ ಪಲ್ಯಾ ಬಡಸಾಕ ಹೋದ್ರ ‘ನನಗ ಬ್ಯಾಡವ್ವ, ನೀ ಉಣ್ಣು’ ಅಂದ್ಳರಿ. ಬುತ್ತ್ಯಾಗಿಂದರ ಉಣ್ತಾಳೋ ಚೆಲ್ತಾಳೋ, ಒಂದೀಟ ಕೇಳಿ ಹೇಳ್ರಿ. ಡಬ್ಬಿ ಇಲ್ಲಂತ ರೊಟ್ಟ್ಯಾಗ ಮಡಚಿ ಮ್ಯಾಲ ಇಡ್ತೇನ್ರಿ.”

ನಾನು ದಿನಾ ತಿಂದದ್ದು ಬಸ್ಸಿನವರ ಪಾಲಲ್ಲ, ಸುವರ್ಣಾಳ ಪಲ್ಯ. “ಕೇಳ್ತೇನ ಬಿಡಕ್ಕಾ” ಎಂದವನೇ ಡಬಲ್ ಬೆಲ್ ಹೊಡೆದೆ. ಡಬಲ್ ಬೆಲ್ ಎಂದರೆ ಗಾಡಿ ಬಿಡು ಎಂದು ಡ್ರೈವರ್‌ಗೆ ಸೂಚನೆ. ಅಲ್ಲಿಂದ ಪಾರಾಗಲು ನನಗೆ ಹೊಳೆದದ್ದು ಅದೊಂದೇ.

ಅಂದಿನಿಂದ ಆ ಗಂಟು ಬಿಚ್ಚಲಿಲ್ಲ. ಆದರೆ ಸುವರ್ಣಾಳಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ದೂರು ಹೋದರೆ ಸಸ್ಪೆಂಡ್ ಆಗುವ ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಮರ್ಯಾದೆಯ ಹೆದರಿಕೆ. ನಿಂಗವ್ವ ಇನ್ನೆರಡು ಸಲ ಕೇಳಿದಳು. ಎರಡೂ ಸಲ ಗದ್ದಲದ ನೆವ ಹೇಳಿದೆ. ಆಮೇಲೆ ನನ್ನ ರೂಟ್ ಬದಲಾಯಿತು, ಬಚಾವಾದೆ ಎಂದುಕೊಂಡೆ.

ಇತ್ತೀಚೆಗೆ ಹುಕ್ಕೇರಿಯ ಒಂದು ಆಸ್ಪತ್ರೆಗೆ ಬಿಪಿ ತೋರಿಸಲು ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತುತ್ತಿದ್ದ ನರ್ಸ್ ನನ್ನ ಮುಖ ನೋಡಿ, “ನೀವು ಬುತ್ತಿ ಬಸ್ಸಿನ ಕಂಡಕ್ಟರ್ ಅಲ್ರಿ? ನಾ ನಿಂಗವ್ವನ ಮಗಳು ಸುವರ್ಣಾ” ಎಂದಳು. ತಾಯಿ ತೀರಿಕೊಂಡು ಎರಡು ವರ್ಷವಾಯಿತೆಂದೂ ಹೇಳಿದಳು. ಆಮೇಲೆ ಪಕ್ಕದಲ್ಲಿ ಕೆಲಸ ಕಲಿಯುತ್ತಿದ್ದ ನರ್ಸ್ ಹುಡುಗಿಯ ಕಡೆ ತಿರುಗಿದಳು.

“ನಮ್ಮವ್ವ ಬರೇ ರೊಟ್ಟಿ ಕಟ್ಟತಿದ್ಲು, ಮೂರ ಮೂರು. ಪಲ್ಯಾ ಮಾಡಾಕೂ ಗತಿ ಇರಲಿಲ್ಲ ಪಾಪ. ಕೇಳಿದ್ರ ನೊಂದಾಳು ಅಂತ ನಾನೂ ಕೇಳಲಿಲ್ಲ. ದೀಪಾವಳಿ ಆದ ಮ್ಯಾಲ ಪಲ್ಯಾ ಬರಾಕ ಸುರು ಆತು. ಎಲ್ಲಿ ಹೆಚ್ಚಿನ ಕೂಲಿ ಮಾಡಾಕತ್ತಾಳೋ ಅಂತ ಅವತ್ತ ಕುಂತ ಅತ್ತೇನಿ. ಇವರು ಮಾತ್ರ ಒಂದಿನಾನೂ ಬುತ್ತಿ ತಪ್ಪಿಸಲಿಲ್ಲ. ದೇವರಂಥಾ ಮನಶಾ.”

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನು. ಇನ್ನು ತಡೆಯಲಾಗಲಿಲ್ಲ.

“ನಾಕ ಇದ್ದುವು ಯವ್ವಾ. ಪಲ್ಯಾನೂ ಮೊದಲನೇ ದಿನದಿಂದ ಇತ್ತು. ನನ್ನ ಪಾಲು ಅಂತ ತಿಳಕೊಂಡು ನಾ ತಿಂದೆ” ಎಂದು ಎಲ್ಲ ಹೇಳಿಬಿಟ್ಟೆ.

ಅವಳು ಬಯ್ಯಲಿಲ್ಲ. ತೋಳಿನ ಪಟ್ಟಿ ಬಿಚ್ಚಿದಳು.

“ಅಂದ್ರ ಅವ್ವ ದಿನಾ ಪಲ್ಯಾ ಕಳಸ್ತಿದ್ಲೇನ್ರಿ?”

“ದಿನಾ.”

“ಆಕಿಗೆ ಉಳೀಲಿ ಅಂತ ಮನ್ಯಾಗ ನಾ ಬ್ಯಾಡ ಅಂದಾಗ ಆಕಿ ಏನ ತಿಳಕೊಂಡ್ಳೋ” ಎಂದು ಕಿಟಕಿಯ ಕಡೆ ತಿರುಗಿ ನಿಂತಳು. ಆಮೇಲೆ ಪಟ್ಟಿ ಕೈಗೆತ್ತಿಕೊಂಡು, ನನ್ನ ಬಿಪಿ ಮತ್ತೊಮ್ಮೆ ನೋಡಬೇಕೆಂದಳು.

ಕಂಡಕ್ಟರ್ ಕೆಲಸ ನನಗೆ ಕಲಿಸಿದ್ದು ಇಷ್ಟು: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮುಟ್ಟಿಸುವವನು ನಡುವೆ ತನ್ನ ಪಾಲು ಹುಡುಕಬಾರದು. ತಿಳಿಯದೆ ತೆಗೆದುಕೊಂಡರೆ, ತಿಳಿದ ದಿನವೇ ಹೇಳಿಬಿಡಬೇಕು. ಅಂದೇ ಹೇಳಿದ್ದರೆ ತಾಯಿ ಮಗಳು ಕೂಡಿ ನನಗೆ ನಾಲ್ಕು ಬೈದು, ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಮಗಳು ಪಲ್ಯ ಚೆಲ್ಲುತ್ತಾಳೋ ಎಂದು ನಿಂಗವ್ವ ಮೂರು ಸಲ ಕೇಳಿದಳು. ಇಲ್ಲ ಎಂಬ ಒಂದು ಮಾತು ನಾನು ಹೇಳಲಿಲ್ಲ.